ಪ್ರಿಂಟ್ ಬರ್ತಿಲ್ಲ ಅಂತ ಫೈರ್‌ವಾಲ್ ಆಫ್ ಮಾಡಬೇಡಿ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಸುತ್ತಮುತ್ತಲಿನ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಬಟ್ಟೆ ಅಂಗಡಿ, ಆಡಿಟರ್ ಆಫೀಸು, ಝೆರಾಕ್ಸ್ ಅಂಗಡಿ, ಜೊತೆಗೆ ಒಂದಿಷ್ಟು ಮನೆಗಳು. ಹೊಸ ಗಿರಾಕಿ ಸಿಕ್ಕರೆ ಅವರ ಸಿಸ್ಟಂನಲ್ಲಿ ನಾನು ಮೊದಲು ತೆರೆಯುವುದು ಫೈರ್‌ವಾಲ್ ಪುಟ. ಫೈರ್‌ವಾಲ್ ಅಂದರೆ ಕರೆಯದೆ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು. ಎಷ್ಟೋ ಕಡೆ ಅಲ್ಲಿ ಕೆಂಪು ಗುರುತು ಕಾಣುತ್ತದೆ. ಯಾಕೆ ಆಫ್ ಆಗಿದೆ ಅಂತ ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: "ಪಕ್ಕದ ಸಿಸ್ಟಮ್ಮಿಂದ ಪ್ರಿಂಟ್ ಬರ್ತಿರ್ಲಿಲ್ಲ ಸರ್. ಯಾರೋ ಬಂದು ಆಫ್ ಮಾಡಿದ್ರು, ಆಮೇಲೆ ಬಂತು."

ಪ್ರಿಂಟ್ ಬಂದದ್ದು ನಿಜ. ಆದರೆ ಒಂದು ಪ್ರಿಂಟರ್‌ಗಾಗಿ ಇಡೀ ಕಂಪ್ಯೂಟರ್‌ನ ಕಾವಲು ತೆಗೆದ ಹಾಗಾಯಿತು. ಇದಕ್ಕೆ ತದ್ವಿರುದ್ಧವಾದವರೂ ಇದ್ದಾರೆ. ಫೈರ್‌ವಾಲ್ ಇದೆಯಲ್ಲ, ಇನ್ನೇನು ಭಯ ಅಂತ ಸಿಕ್ಕ ಸಿಕ್ಕ ಫೈಲ್ ತೆರೆಯುವವರು. ಇಬ್ಬರಿಗೂ ಗೊತ್ತಾಗಬೇಕಾದದ್ದು ಒಂದೇ: ಫೈರ್‌ವಾಲ್‌ನ ಕೆಲಸ ಬಹಳ ಚಿಕ್ಕದು, ಆದರೆ ಆ ಕೆಲಸವನ್ನು ಬೇರೆ ಯಾವುದೂ ಮಾಡುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ವಿಂಡೋಸ್, ಹಾಗಾಗಿ ಅದನ್ನೇ ಹಿಡಿದು ಬರೆಯುತ್ತೇನೆ. ಮ್ಯಾಕ್, ಉಬುಂಟು ವಿಷಯ ಕೊನೆಯಲ್ಲಿ ಸ್ವಲ್ಪ ಇದೆ.

ಅದು ಮಾಡಬೇಕಾದ ಕೆಲಸ

ನೆಟ್‌ವರ್ಕ್‌ಗೆ ಸೇರಿದ ಪ್ರತಿ ಕಂಪ್ಯೂಟರ್‌ನಲ್ಲೂ 1ರಿಂದ 65,535ರವರೆಗೆ ಪೋರ್ಟ್ ನಂಬರ್‌ಗಳಿವೆ, ನಂಬರ್ ಹಾಕಿದ ಬಾಗಿಲುಗಳ ಹಾಗೆ. ಕೆಲವು ಪ್ರೋಗ್ರಾಂಗಳು ಒಂದೊಂದು ನಂಬರ್ ಹಿಡಿದು, ಹೊರಗಿನಿಂದ ಯಾರಾದರೂ ಬರುತ್ತಾರೇನೋ ಅಂತ ಕಾಯುತ್ತಿರುತ್ತವೆ. ನೀವು ಏನೂ ಹಾಕಿಸದಿದ್ದರೂ ವಿಂಡೋಸ್ ತಾನೇ 135, 445 ಮುಂತಾದ ಪೋರ್ಟ್‌ಗಳಲ್ಲಿ ಕಾಯುತ್ತದೆ. 445 ಅಂದರೆ ಫೈಲ್ ಮತ್ತು ಪ್ರಿಂಟರ್ ಶೇರಿಂಗ್‌ನದು.

ನೀವು ಕರೆಯದೆ ಹೊರಗಿನಿಂದ ಯಾರಾದರೂ ಈ ಪೋರ್ಟ್‌ಗಳಿಗೆ ಬಂದರೆ ಒಳಗೆ ಬಿಡದೇ ಇರುವುದು ಫೈರ್‌ವಾಲ್‌ನ ಕೆಲಸ. ನೀವೇ ಶುರು ಮಾಡಿದ ಮಾತುಕತೆಗೆ ಬರುವ ಉತ್ತರವನ್ನು ಮಾತ್ರ ಅದು ಬಿಡುತ್ತದೆ. ಬ್ರೌಸರ್‌ನಲ್ಲಿ ಒಂದು ಸೈಟ್ ತೆರೆದಿರಿ ಅಂದುಕೊಳ್ಳಿ. ಈ ಕಂಪ್ಯೂಟರ್ ಇಂಥ ವಿಳಾಸಕ್ಕೆ ಈಗ ಕೇಳಿದೆ ಅಂತ ಫೈರ್‌ವಾಲ್ ನೆನಪಿಟ್ಟುಕೊಳ್ಳುತ್ತದೆ. ಅಲ್ಲಿಂದಲೇ ಉತ್ತರ ಬಂದರೆ ಬಿಡುತ್ತದೆ. ಬೇರೆ ಕಡೆಯಿಂದ ಬಂದದ್ದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಹಾಗಾಗಿ ಬ್ರೌಸಿಂಗ್, ಇಮೇಲ್, ವಾಟ್ಸಾಪ್ ವೆಬ್, ಜಿಎಸ್‌ಟಿ ಪೋರ್ಟಲ್, ವಿಡಿಯೊ ಕಾಲ್ ಇವ್ಯಾವುದಕ್ಕೂ ನೀವು ಫೈರ್‌ವಾಲ್‌ನಲ್ಲಿ ಏನನ್ನೂ ತೆರೆಯಬೇಕಾಗಿಲ್ಲ. ಇಂಟರ್‌ನೆಟ್ ಸ್ಲೋ ಅಂತ ಫೈರ್‌ವಾಲ್ ಆಫ್ ಮಾಡುವವರನ್ನೂ ನೋಡಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಇಷ್ಟು ಚಿಕ್ಕ ಕೆಲಸಕ್ಕೆ ಎಷ್ಟು ಬೆಲೆ ಅನ್ನೋದು 2003ರ ಆಗಸ್ಟ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಬ್ಲಾಸ್ಟರ್ ಅನ್ನುವ ವರ್ಮ್, ಅಂದರೆ ನೆಟ್‌ವರ್ಕ್‌ನಲ್ಲಿ ತಾನಾಗಿಯೇ ಹರಡುವ ವೈರಸ್, ಬಂದ ತಿಂಗಳು ಅದು. ನಾನಾಗ ಒಂದು ಬ್ರೌಸಿಂಗ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದೆ. ಯಾರೂ ಯಾವ ಫೈಲನ್ನೂ ಮುಟ್ಟಿರಲಿಲ್ಲ. ಇಂಟರ್‌ನೆಟ್‌ಗೆ ಸೇರಿದರೆ ಸಾಕು, 135ನೇ ಪೋರ್ಟ್‌ನಿಂದ ಅದೇ ಒಳಗೆ ಬರುತ್ತಿತ್ತು. ಪರದೆ ಮೇಲೆ ಒಂದು ಚಿಕ್ಕ ಕಿಟಕಿ ತೆರೆದು 60 ಸೆಕೆಂಡಿನಿಂದ ಕೆಳಗೆ ಎಣಿಸುತ್ತಿತ್ತು. ಸೊನ್ನೆಗೆ ಬಂದ ಕೂಡಲೇ ಸಿಸ್ಟಂ ರೀಸ್ಟಾರ್ಟ್. ಗಿರಾಕಿ ಅರ್ಧ ತುಂಬಿಸಿದ ಅರ್ಜಿ ಹೋಯಿತು. ಆ ತೂತು ಮುಚ್ಚುವ ಅಪ್‌ಡೇಟ್ ಜುಲೈನಲ್ಲೇ ಬಂದಿತ್ತು, ಆದರೆ ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್‌ಗೆ ಹೋಗಬೇಕು, ಹೋದರೆ 60 ಸೆಕೆಂಡಿನ ಎಣಿಕೆ ಮತ್ತೆ ಶುರು. ಬೇಸರದ ಸಂಗತಿ ಅಂದರೆ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಮೊದಲಿನಿಂದಲೂ ಇತ್ತು, ಆದರೆ ಆಫ್ ಆಗಿಯೇ ಬರುತ್ತಿತ್ತು. ಅದನ್ನು ಆನ್ ಮಾಡಿ ಆಮೇಲೆ ಕನೆಕ್ಟ್ ಮಾಡಿದರೆ ಅಪ್‌ಡೇಟ್ ಆರಾಮಾಗಿ ಇಳಿಯುತ್ತಿತ್ತು. 2004ರ ಆಗಸ್ಟ್‌ನಲ್ಲಿ ಬಂದ ಸರ್ವೀಸ್ ಪ್ಯಾಕ್ 2ರಿಂದ ಫೈರ್‌ವಾಲ್ ಆನ್ ಆಗಿಯೇ ಬರಲು ಶುರುವಾಯಿತು. ಅಂದರೆ ಈಗ ನಿಮ್ಮದು ಆಫ್ ಇದ್ದರೆ ಯಾರೋ ಇಲ್ಲವೇ ಯಾವುದೋ ಪ್ರೋಗ್ರಾಂ ಅದನ್ನು ಆಫ್ ಮಾಡಿದೆ ಅಂತಲೇ ಅರ್ಥ.

ಮೊದಲು ಆನ್ ಇದೆಯಾ ನೋಡಿ

ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯೂರಿಟಿ ಅಂತ ಟೈಪ್ ಮಾಡಿ ತೆರೆಯಿರಿ. ಅದರಲ್ಲಿ 'ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್' ಒತ್ತಿ. ಮೂರು ಸಾಲು ಕಾಣುತ್ತವೆ: ಡೊಮೇನ್, ಪ್ರೈವೇಟ್, ಪಬ್ಲಿಕ್. ಡೊಮೇನ್ ಅನ್ನೋದು ದೊಡ್ಡ ಕಂಪನಿಗಳ ನೆಟ್‌ವರ್ಕ್‌ಗೆ. ನಿಮಗೆ ಅದು ಬೇಕಿಲ್ಲದಿದ್ದರೂ ಪರವಾಗಿಲ್ಲ, ಮೂರೂ ಆನ್ ಇರಬೇಕು. ಈಗ ಬಳಕೆಯಲ್ಲಿರುವುದರ ಪಕ್ಕ 'ಆ್ಯಕ್ಟಿವ್' ಅಂತ ಬರೆದಿರುತ್ತದೆ.

ಆ ಪುಟದಲ್ಲಿ ವಿಂಡೋಸ್ ಫೈರ್‌ವಾಲ್ ಬದಲು ಯಾವುದೋ ಆ್ಯಂಟಿವೈರಸ್ ಹೆಸರು ಕಂಡರೆ, ಫೈರ್‌ವಾಲ್ ಅದರ ಕೈಯಲ್ಲಿದೆ ಅಂತ ತಿಳಿಯಿರಿ. ಅದರ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಸರಿ. ಮುಗಿದು ವರ್ಷವಾಗಿ ಸುಮ್ನೆ ಕೂತಿದ್ದರೆ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ವಿಂಡೋಸ್‌ನದು ಮರಳಿ ಆನ್ ಆಯಿತಾ ನೋಡಿ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಫೈರ್‌ವಾಲ್ ಓಡಿಸಬೇಡಿ. ಯಾವುದು ತಡೆಯಿತು ಅನ್ನೋದು ಗೊತ್ತಾಗದೆ ತಲೆಕೆಡುತ್ತದೆ.

ಇನ್ನೊಂದು ಕೆಟ್ಟ ರೂಢಿ ಇದೆ. ಸ್ವಿಚ್ ಆಫ್ ಮಾಡಿದರೆ ವಿಂಡೋಸ್ ಎಚ್ಚರಿಕೆ ಕೊಡುತ್ತಲೇ ಇರುತ್ತದೆ ಅಂತ ಕೆಲವರು ಸರ್ವೀಸಸ್ ಪಟ್ಟಿಗೇ ಹೋಗಿ ಫೈರ್‌ವಾಲ್ ಸರ್ವೀಸನ್ನು ನಿಲ್ಲಿಸುತ್ತಾರೆ. ಅದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಹಾಗೆ ಮಾಡಿದರೆ ಸ್ಟಾರ್ಟ್ ಮೆನು ಕೈಕೊಡಬಹುದು, ಸ್ಟೋರ್‌ನ ಆ್ಯಪ್‌ಗಳು ಇನ್‌ಸ್ಟಾಲ್ ಆಗದೆ ಹೋಗಬಹುದು ಅಂತ ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ. ಗಿರಾಕಿ ಆಮೇಲೆ ಸ್ಟಾರ್ಟ್ ಮೆನು ಕೆಟ್ಟಿದೆ ಅಂತ ಫಾರ್ಮ್ಯಾಟ್ ಮಾಡಿಸುತ್ತಾನೆ. ಕಾರಣ ಎಲ್ಲಿಯದು ಅಂತ ಅವನಿಗೆ ಗೊತ್ತೇ ಆಗುವುದಿಲ್ಲ.

ಪ್ರೈವೇಟಾ, ಪಬ್ಲಿಕ್ಕಾ

ಪ್ರಿಂಟರ್ ತೊಂದರೆಯಲ್ಲಿ ನನ್ನ ಅನುಭವದಲ್ಲಿ ಹೆಚ್ಚಿನದರ ಬೇರು ಇಲ್ಲೇ ಇರುತ್ತದೆ. ಹೊಸ ವೈಫೈ ಅಥವಾ ಹೊಸ ರೂಟರ್‌ಗೆ ಸೇರಿದಾಗ ವಿಂಡೋಸ್ 11 ಅದನ್ನು ಪಬ್ಲಿಕ್ ಅಂತಲೇ ಹಿಡಿಯುತ್ತದೆ. ಪಬ್ಲಿಕ್ ಅಂದರೆ ಜಾಸ್ತಿ ಬಿಗಿ: ಸುತ್ತಮುತ್ತ ಇರುವವರು ಯಾರೋ ಗೊತ್ತಿಲ್ಲ, ನನ್ನನ್ನು ಯಾರಿಗೂ ತೋರಿಸಬೇಡ ಅಂತ. ಬಸ್ ಸ್ಟ್ಯಾಂಡ್, ಲಾಡ್ಜ್, ಕಾಲೇಜು, ಹಾಸ್ಟೆಲ್‌ನಲ್ಲಿ ಅದೇ ಸರಿ. ಆದರೆ ಅಂಗಡಿಯಲ್ಲಿ ಇಂಟರ್‌ನೆಟ್ ಕಂಪನಿ ಬದಲಾಯಿಸಿ ಹೊಸ ರೂಟರ್ ಹಾಕಿದ ದಿನ, ನಿನ್ನೆಯವರೆಗೆ ಪ್ರೈವೇಟ್ ಇದ್ದದ್ದು ಪಬ್ಲಿಕ್ ಆಗಿ ಪ್ರಿಂಟ್ ನಿಲ್ಲುತ್ತದೆ. ಯಜಮಾನರು ಪ್ರಿಂಟರ್ ಹಾಳಾಯಿತು ಅಂತ ಫೋನ್ ಮಾಡುತ್ತಾರೆ.

ಸರಿ ಮಾಡುವುದು ಸುಲಭ. ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್ ತೆರೆದು, ನೀವು ಸೇರಿರುವ ವೈಫೈ ಅಥವಾ ಈಥರ್ನೆಟ್‌ನ ಪ್ರಾಪರ್ಟೀಸ್ ಒತ್ತಿ. ಪಬ್ಲಿಕ್, ಪ್ರೈವೇಟ್ ಎರಡೂ ಆಯ್ಕೆ ಅಲ್ಲೇ ಇವೆ. ಅಂಗಡಿ, ಮನೆಯದಾದರೆ ಪ್ರೈವೇಟ್ ಮಾಡಿ. ಅಂಗಡಿಗೆ ಬಂದವರಿಗೆಲ್ಲ ನಿಮ್ಮ ವೈಫೈ ಪಾಸ್‌ವರ್ಡ್ ಕೊಡುವ ಅಭ್ಯಾಸ ಇದ್ದರೆ ಮಾತ್ರ ಪ್ರೈವೇಟ್ ಮಾಡುವ ಮುಂಚೆ ಯೋಚಿಸಿ. ಎಷ್ಟೋ ರೂಟರ್‌ಗಳಲ್ಲಿ ಗೆಸ್ಟ್ ವೈಫೈ ಅಂತ ಬೇರೆಯೇ ಇದೆ, ಬಂದವರಿಗೆ ಅದನ್ನು ಕೊಡಿ.

ಆಮೇಲೆ ಫೈರ್‌ವಾಲ್ ಪುಟದಲ್ಲಿ 'ಅಲೋ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್' ಒತ್ತಿ, 'ಚೇಂಜ್ ಸೆಟ್ಟಿಂಗ್ಸ್' ಒತ್ತಿ. ಪಟ್ಟಿಯಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಹುಡುಕಿ, ಪ್ರೈವೇಟ್ ಕೆಳಗೆ ಮಾತ್ರ ಟಿಕ್ ಹಾಕಿ. ಪಬ್ಲಿಕ್ ಕೆಳಗೆ ಬೇಡ. ಇದನ್ನು ಎಲ್ಲ ಸಿಸ್ಟಂನಲ್ಲೂ ಮಾಡುವ ಅಗತ್ಯವೂ ಇಲ್ಲ. ಪ್ರಿಂಟರ್‌ನ ಯುಎಸ್‌ಬಿ ಕೇಬಲ್ ಯಾವ ಸಿಸ್ಟಂಗೆ ಸಿಕ್ಕಿಸಿದೆಯೋ ಅದರಲ್ಲಿ ಮಾತ್ರ ಸಾಕು. ಉಳಿದವು ಪ್ರಿಂಟ್ ಕಳಿಸುವವು, ಅವು ಹೊರಗೆ ಹೋಗುತ್ತವೆ, ಹೊರಗೆ ಹೋಗುವುದಕ್ಕೆ ತಡೆಯಿಲ್ಲ. ಪ್ರಿಂಟರೇ ನೇರವಾಗಿ ವೈಫೈಗೆ ಸೇರಿದ್ದರೆ ಪ್ರಿಂಟ್ ಮಾಡಲು ಯಾವ ಸಿಸ್ಟಂನಲ್ಲೂ ಏನೂ ತೆರೆಯಬೇಕಿಲ್ಲ.

ಇಷ್ಟಾದರೂ ಬರಲಿಲ್ಲವಾ? ಆಗ ತಪ್ಪು ಫೈರ್‌ವಾಲ್‌ನದಲ್ಲದೆಯೂ ಇರಬಹುದು. 2021ರ ಸೆಪ್ಟೆಂಬರ್ ಅಪ್‌ಡೇಟ್ ಆದ ಮೇಲೆ '11ಬಿ' ಅಂತ ಮುಗಿಯುವ ಎರರ್ ನಮ್ಮ ಕಸುಬಿನವರೆಲ್ಲರ ನಿದ್ದೆ ಕೆಡಿಸಿತು. ಅದು ಪ್ರಿಂಟ್ ಸರ್ವೀಸ್‌ನ ಭದ್ರತೆ ಬಿಗಿ ಮಾಡಿದ್ದರ ಫಲ. ಫೈರ್‌ವಾಲ್ ಆಫ್ ಮಾಡಿದರೂ ಅದು ಹೋಗುವುದಿಲ್ಲ. ಹಾಗೆಯೇ ವಿಂಡೋಸ್ 11ರ 24ಎಚ್2 ಅನ್ನುವ ದೊಡ್ಡ ಅಪ್‌ಡೇಟ್ ಹಾಕಿದ ಮೇಲೆ ಹಳೆಯ ಶೇರ್ ಫೋಲ್ಡರ್ ತೆರೆಯದೆ ಹೋದರೆ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಲಾಗಿನ್ ನಿಂತಿರುವುದು ಕಾರಣ ಇರಬಹುದು. ಯಾವುದರ ತಪ್ಪು ಅಂತ ತಿಳಿಯದೆ ಮೊದಲು ಸಿಕ್ಕ ಸ್ವಿಚ್ ಆಫ್ ಮಾಡಿ, ಆಮೇಲೆ ಆನ್ ಮಾಡಲು ಮರೆಯುವುದು ನನಗೆ ಬಹಳ ಸಂಕಟ ಕೊಡುವ ವಿಷಯ.

ಊಹೆ ಬೇಡ, ಲಾಗ್ ನೋಡಿ

ಫೈರ್‌ವಾಲ್ ತಡೆದದ್ದನ್ನೆಲ್ಲ ಬರೆದಿಡು ಅಂತ ಹೇಳಬಹುದು. ಪ್ರಿಂಟರ್ ಇರುವ ಸಿಸ್ಟಂನ ಫೈರ್‌ವಾಲ್ ಪುಟದಲ್ಲಿ ಕೆಳಗಿರುವ 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್' ತೆರೆಯಿರಿ. ಎಡಗಡೆ ಮೇಲಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಪ್ರೈವೇಟ್ ಟ್ಯಾಬ್‌ನಲ್ಲಿ 'ಲಾಗಿಂಗ್' ಪಕ್ಕದ 'ಕಸ್ಟಮೈಸ್' ಒತ್ತಿ, ಡ್ರಾಪ್ ಆದ (ತಡೆದು ಬಿಸಾಡಿದ) ಪ್ಯಾಕೆಟ್‌ಗಳ, ಅಂದರೆ ನೆಟ್‌ವರ್ಕ್‌ನಲ್ಲಿ ಬರುವ ಡೇಟಾ ತುಣುಕುಗಳ ಲಾಗ್‌ಗೆ 'ಯೆಸ್' ಕೊಡಿ. ಲಾಗ್ ಎಲ್ಲಿ ಸೇವ್ ಆಗುತ್ತದೆ ಅನ್ನೋದು ಅದೇ ಕಿಟಕಿಯಲ್ಲಿದೆ. ಪಬ್ಲಿಕ್ ಟ್ಯಾಬ್‌ಗೂ ಹೀಗೇ ಮಾಡಿ.

ಈಗ ಪಕ್ಕದ ಸಿಸ್ಟಂನಿಂದ ಒಮ್ಮೆ ಪ್ರಿಂಟ್ ಕೊಡಿ. ಲಾಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕೊನೆಯ ಸಾಲುಗಳನ್ನು ಓದಿ. ತಾರೀಖು, ಸಮಯ, ಆಮೇಲೆ ಹೀಗೆ ಇರುತ್ತದೆ: ಡ್ರಾಪ್, ಟಿಸಿಪಿ, 192.168.1.14, 192.168.1.10, 51234, 445. ಇದನ್ನು ಹೀಗೆ ಓದಬೇಕು. ಮೊದಲ ವಿಳಾಸ ಬಂದವನದು, ಅಂದರೆ ಪ್ರಿಂಟ್ ಕೊಟ್ಟ ಕ್ಯಾಶ್ ಕೌಂಟರ್ ಸಿಸ್ಟಂ. ಎರಡನೆಯದು ಪ್ರಿಂಟರ್ ಇರುವ ಸಿಸ್ಟಂ. ಇಲ್ಲಿ ಬರೆದದ್ದರಲ್ಲಿ ಕೊನೆಯ ನಂಬರ್ ಅವನು ಕೇಳಿದ ಪೋರ್ಟ್. ಅದು 445, ಅಂದರೆ ಶೇರಿಂಗ್. ಹಾಗಿದ್ದರೆ ಈ ಸಿಸ್ಟಂ ಈಗ ಪಬ್ಲಿಕ್‌ನಲ್ಲಿದೆ, ಇಲ್ಲವೇ ಶೇರಿಂಗ್‌ನ ಟಿಕ್ ಹೋಗಿದೆ. ಲಾಗ್‌ನಲ್ಲಿ ಕ್ಯಾಶ್ ಕೌಂಟರ್‌ನ ವಿಳಾಸವೇ ಇಲ್ಲ ಅಂದರೆ ಫೈರ್‌ವಾಲ್ ಅದನ್ನು ತಡೆದೇ ಇಲ್ಲ. ಕೇಬಲ್, ವಿಳಾಸ, ಪಾಸ್‌ವರ್ಡ್ ಕಡೆ ನೋಡಿ. ಕೆಲಸ ಮುಗಿದ ಮೇಲೆ ಲಾಗ್ ಆನ್ ಇಟ್ಟರೂ ತೊಂದರೆಯಿಲ್ಲ. ಅದು ಒಂದು ಗಾತ್ರ ಮೀರಿ ಬೆಳೆಯುವುದಿಲ್ಲ.

ಲಾಗ್‌ನಲ್ಲಿ ಗೊತ್ತಿಲ್ಲದ ಸಾಲು ಹತ್ತಾರು ಕಂಡರೆ ಗಾಬರಿಯಾಗಬೇಡಿ. ನೆಟ್‌ವರ್ಕ್‌ನಲ್ಲಿ ಟಿವಿ, ಫೋನ್, ರೂಟರ್ ಎಲ್ಲವೂ ಸುಮ್ನೆ ಕೂಗುತ್ತಲೇ ಇರುತ್ತವೆ. ಡ್ರಾಪ್ ಅಂತ ಇದ್ದರೆ ಅದು ಒಳಗೆ ಬಂದಿಲ್ಲ ಅಂತ ಅರ್ಥ. 'ಇವತ್ತು ಇಷ್ಟು ದಾಳಿ ತಡೆದೆ' ಅಂತ ಮೂಲೆಯಲ್ಲಿ ಬೆಲೂನ್ ತೋರಿಸಿ ಹೆದರಿಸುವ ಫೈರ್‌ವಾಲ್ ನನಗೆ ಇಷ್ಟವಿಲ್ಲ. ಒಳ್ಳೆಯದು ಸದ್ದಿಲ್ಲದೆ ಕೆಲಸ ಮಾಡಬೇಕು.

ಪ್ರಶ್ನೆ ಕೇಳುವ ಕಿಟಕಿ

ಹೊಸ ಪ್ರೋಗ್ರಾಂ ಒಂದು ಪೋರ್ಟ್ ಹಿಡಿದು ಕಾಯಲು ಹೊರಟಾಗ ವಿಂಡೋಸ್ ಒಂದು ಕಿಟಕಿ ತೆರೆದು ಬಿಡಲೇ ಬೇಡವೇ ಅಂತ ಕೇಳುತ್ತದೆ. ಎಲ್ಲರೂ ಓದದೆ 'ಅಲೋ' ಒತ್ತುತ್ತಾರೆ. ನಾನು ಹುಡುಗರಿಗೆ ಹೇಳಿಕೊಡುವುದು ಇಷ್ಟು: ಈ ಪ್ರೋಗ್ರಾಂಗೆ ಬೇರೆ ಕಂಪ್ಯೂಟರ್ ತಾನಾಗಿ ಬಂದು ಸೇರಬೇಕಾ? ಟ್ಯಾಲಿಯ ಸರ್ವರ್ ಸಿಸ್ಟಂ ಆದರೆ ಹೌದು. ಪಕ್ಕದ ರೂಮಿನ ಗೆಳೆಯನ ಜೊತೆ ಆಡಲು ಗೇಮ್ ಹೋಸ್ಟ್ ಮಾಡುತ್ತಿದ್ದರೆ ಹೌದು. ಪಿಡಿಎಫ್ ಓದುವ ಪ್ರೋಗ್ರಾಂ, ಫೋಟೊ ಎಡಿಟರ್, ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಆದರೆ ಖಂಡಿತ ಇಲ್ಲ. ಗೊತ್ತಾಗದಿದ್ದರೆ 'ಕ್ಯಾನ್ಸಲ್' ಒತ್ತಿ. ಆ ಪ್ರೋಗ್ರಾಂನ ಇಂಟರ್‌ನೆಟ್ ನಿಲ್ಲುವುದಿಲ್ಲ, ಹೊರಗಿನವರು ಅದಕ್ಕೆ ಸೇರುವುದು ಮಾತ್ರ ನಿಲ್ಲುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅನುಭವಸ್ಥರೂ ಇದರಲ್ಲಿ ಗಂಟೆಗಟ್ಟಲೆ ಒದ್ದಾಡುತ್ತಾರೆ. ಕ್ಯಾನ್ಸಲ್ ಒತ್ತಿದರೆ ಕಿಟಕಿ ಮುಚ್ಚಿ ಸುಮ್ಮನಾಗುವುದಿಲ್ಲ. ಆ ಪ್ರೋಗ್ರಾಂನ ಹೆಸರಿನಲ್ಲಿ ಒಂದು ಬ್ಲಾಕ್ ರೂಲ್ ಹುಟ್ಟುತ್ತದೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನ 'ಇನ್‌ಬೌಂಡ್ ರೂಲ್ಸ್' ಪಟ್ಟಿಯಲ್ಲಿ ಕೆಂಪು ಗುರುತಿನ ಜೊತೆ ಅದು ಕಾಣುತ್ತದೆ. ಮುಂದೆ ಒಂದು ದಿನ ಅದೇ ಪ್ರೋಗ್ರಾಂಗೆ ನೀವು ಅಲೋ ರೂಲ್ ಬರೆದರೂ ಕೆಲಸ ಆಗುವುದಿಲ್ಲ, ಯಾಕೆಂದರೆ ಬ್ಲಾಕ್ ಮತ್ತು ಅಲೋ ಎರಡೂ ಇದ್ದರೆ ಗೆಲ್ಲುವುದು ಬ್ಲಾಕ್. ಮೊದಲು ಆ ಕೆಂಪು ರೂಲ್ ಡಿಲೀಟ್ ಮಾಡಿ.

ಬೇಕಾದ ಒಂದು ಪೋರ್ಟ್ ಮಾತ್ರ ತೆರೆಯುವುದು

ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಬರುವ ಉದಾಹರಣೆ ಟ್ಯಾಲಿ. ಲೈಸೆನ್ಸ್ ಒಂದು ಸಿಸ್ಟಂನಲ್ಲಿ ಇರುತ್ತದೆ, ಉಳಿದವು ಅದನ್ನು ಕೇಳಿ ಪಡೆಯಬೇಕು. ಆ ಲೈಸೆನ್ಸ್ ಗೇಟ್‌ವೇ ಸಾಮಾನ್ಯವಾಗಿ 9999ನೇ ಪೋರ್ಟ್‌ನಲ್ಲಿರುತ್ತದೆ. ನಿಮ್ಮಲ್ಲಿ ಬೇರೆ ನಂಬರ್ ಕೊಟ್ಟಿದ್ದರೆ ಅದನ್ನೇ ಬಳಸಿ.

ಲೈಸೆನ್ಸ್ ಇರುವ ಸಿಸ್ಟಂನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆಯಿರಿ. ಇನ್‌ಬೌಂಡ್ ರೂಲ್ಸ್ ಒತ್ತಿ, ಬಲಗಡೆ 'ನ್ಯೂ ರೂಲ್'. ಪೋರ್ಟ್ ಆಯ್ಕೆ ಮಾಡಿ, ಟಿಸಿಪಿ, ನಂಬರ್ 9999. ಮುಂದಿನದರಲ್ಲಿ 'ಅಲೋ ದ ಕನೆಕ್ಷನ್'. ಆಮೇಲೆ ಪ್ರೊಫೈಲ್ ಕೇಳುತ್ತದೆ, ಅಲ್ಲಿ ಮೂರಕ್ಕೂ ಟಿಕ್ ಇರುತ್ತದೆ. ಡೊಮೇನ್, ಪಬ್ಲಿಕ್ ಎರಡರ ಟಿಕ್ ತೆಗೆಯಿರಿ. ಹೆಸರು ಕೊಡುವಾಗ 'ಟೆಸ್ಟ್', 'ಹೊಸದು' ಅಂತೆಲ್ಲ ಕೊಡಬೇಡಿ. ಯಾವ ಕೆಲಸಕ್ಕೆ, ಯಾರು, ಯಾವತ್ತು ಅಂತ ಬರೆಯಿರಿ. ಎರಡು ವರ್ಷ ಬಿಟ್ಟು ನೋಡಿದವರಿಗೆ ಅರ್ಥವಾಗಬೇಕಲ್ವಾ.

ರೂಲ್ ಆದ ಮೇಲೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ 'ಸ್ಕೋಪ್' ಟ್ಯಾಬ್‌ಗೆ ಹೋಗಿ. ರಿಮೋಟ್ ಐಪಿ ಅಡ್ರೆಸ್ ಜಾಗದಲ್ಲಿ 'ಆ್ಯಡ್' ಒತ್ತಿ, ಸಿದ್ಧವಿರುವ ಪಟ್ಟಿಯಿಂದ 'ಲೋಕಲ್ ಸಬ್‌ನೆಟ್' ಆರಿಸಿ. ಈಗ ಅಂಗಡಿಯೊಳಗಿನ ಸಿಸ್ಟಂಗಳು ಮಾತ್ರ ಬರಬಹುದು. ಬಹಳ ಜನ ಈ ಟ್ಯಾಬ್ ಕಡೆ ಹೋಗುವುದೇ ಇಲ್ಲ. ಒಂದು ಪೋರ್ಟನ್ನು ಅಂಗಡಿಗೆ ತೆರೆಯುವುದಕ್ಕೂ ಜಗತ್ತಿಗೇ ತೆರೆಯುವುದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ಯಾವ ಪೋರ್ಟ್‌ನಲ್ಲಿ ಯಾರು ಕಾಯುತ್ತಿದ್ದಾರೆ ಅಂತ ನೋಡಲು ಕಮಾಂಡ್ ಗೊತ್ತಿರಬೇಕಿಲ್ಲ. ಸ್ಟಾರ್ಟ್‌ನಲ್ಲಿ ರಿಸೋರ್ಸ್ ಮಾನಿಟರ್ ಹುಡುಕಿ, ನೆಟ್‌ವರ್ಕ್ ಟ್ಯಾಬ್‌ನ ಕೆಳಗಿನ 'ಲಿಸನಿಂಗ್ ಪೋರ್ಟ್ಸ್' ತೆರೆಯಿರಿ. ಪ್ರೋಗ್ರಾಂ ಹೆಸರು, ಪೋರ್ಟ್ ನಂಬರ್, ಕೊನೆಯ ಕಾಲಂನಲ್ಲಿ ಫೈರ್‌ವಾಲ್ ಅದನ್ನು ಬಿಟ್ಟಿದೆಯೋ ಇಲ್ಲವೋ, ಎಲ್ಲ ಅಲ್ಲೇ ಇದೆ. ನಾನು ಹೊಸ ಕಡೆ ಹೋದಾಗ ಈ ಪಟ್ಟಿ ನೋಡಿಯೇ ಮುಂದುವರಿಯುವುದು. ಯಾವಾಗಲೋ ಹಾಕಿ ಮರೆತ ಟೊರೆಂಟ್, ಹಳೆಯ ರಿಮೋಟ್ ಸಾಫ್ಟ್‌ವೇರ್ ಎಲ್ಲ ಇಲ್ಲಿ ಸಿಕ್ಕಿಬೀಳುತ್ತವೆ. ಇನ್‌ಸ್ಟಾಲ್ ಆಗುವಾಗ ನೀವು ಅಡ್ಮಿನ್ ಅನುಮತಿ ಕೊಟ್ಟಿರುತ್ತೀರಿ. ಹಾಗಾಗಿ ಪ್ರೋಗ್ರಾಂ ತನಗೆ ಬೇಕಾದ ರೂಲನ್ನು ಕೇಳದೆ ತಾನೇ ಬರೆದುಕೊಳ್ಳಬಹುದು. ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಎಷ್ಟೋ ಸಲ ಅದು ಉಳಿದುಬಿಡುತ್ತದೆ.

ಅದು ಮಾಡಲಾಗದ್ದು

ಮೊದಲನೆಯದು, ತೆರೆದ ಪೋರ್ಟ್‌ಗೆ ಫೈರ್‌ವಾಲ್ ರಕ್ಷಣೆ ಇಲ್ಲ. 2017ರ ಮೇ 12ರಂದು ವಾನಾಕ್ರೈ ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವರ್ಮ್ ಹರಡಿದ್ದು 445ರ ಮೂಲಕ. ಶೇರಿಂಗ್ ಬೇಕೆಂದು ನೀವೇ 445 ತೆರೆದಿದ್ದರೆ ಒಳಗಿನ ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ಅದು ದಾಟುತ್ತದೆ. ಅಲ್ಲಿ ಕಾಪಾಡಬೇಕಾದದ್ದು ಅದೇ ವರ್ಷ ಮಾರ್ಚ್‌ನಲ್ಲಿ ಬಂದಿದ್ದ ಅಪ್‌ಡೇಟ್. ಹಾಗಾಗಿ ಶೇರಿಂಗ್ ತೆರೆದ ಸಿಸ್ಟಂನಲ್ಲಿ ಅಪ್‌ಡೇಟ್ ನಿಲ್ಲಿಸಿ ಇಡಬೇಡಿ. ಪ್ರಿಂಟರ್ ಇಲ್ಲದ ಸಿಸ್ಟಂಗಳಲ್ಲಿ ಶೇರಿಂಗ್ ತೆರೆಯಬೇಡಿ ಅಂತ ಮೇಲೆ ಹೇಳಿದ್ದೂ ಇದಕ್ಕೇ. ಒಂದಕ್ಕೆ ಬಂದದ್ದು ಎಲ್ಲಕ್ಕೂ ಹೋಗಬಾರದು.

"ರೂಟರ್ ಇದೆಯಲ್ಲ ಸರ್, ಅದೇ ತಡೆಯುತ್ತಲ್ಲ" ಅನ್ನುತ್ತಾರೆ. ಹೊರಗಿನಿಂದ ಬರುವ ಬಹಳಷ್ಟನ್ನು ತಡೆಯುತ್ತದೆ, ನಿಜ. ಆದರೆ ಒಂದೇ ಸ್ವಿಚ್‌ಗೆ ಸಿಕ್ಕಿಸಿದ ಎರಡು ಸಿಸ್ಟಂಗಳ ನಡುವಿನ ಓಡಾಟ ರೂಟರ್‌ನ ಕಾವಲಿಗೆ ಸಿಗುವುದೇ ಇಲ್ಲ. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಹೊರಟರೆ ರೂಟರ್ ಜೊತೆಗೆ ಬರುವುದೂ ಇಲ್ಲ. ಈಗ ಎಷ್ಟೋ ಕನೆಕ್ಷನ್‌ಗಳಲ್ಲಿ ಐಪಿವಿ6, ಅಂದರೆ ಇಂಟರ್‌ನೆಟ್ ವಿಳಾಸದ ಹೊಸ ಪದ್ಧತಿ ಬಂದಿದೆ. ಅದರಲ್ಲಿ ಪ್ರತಿ ಕಂಪ್ಯೂಟರ್‌ಗೂ ಹೊರಗಿನಿಂದ ತಲುಪಬಹುದಾದ ಸ್ವಂತ ವಿಳಾಸ ಇರುತ್ತದೆ. ರೂಟರ್‌ನಲ್ಲಿ ಅದಕ್ಕೆ ಫೈರ್‌ವಾಲ್ ಇಲ್ಲದಿದ್ದರೆ ನಿಮ್ಮ ಕಂಪ್ಯೂಟರ್‌ನದೇ ಗತಿ.

ಎರಡನೆಯದು, ನೀವೇ ಒಳಗೆ ತಂದುಕೊಂಡದ್ದನ್ನು ಅದು ತಡೆಯುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಬಂದದ್ದು, ಇಮೇಲ್ ಅಟ್ಯಾಚ್‌ಮೆಂಟ್, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಕಳ್ಳನನ್ನು ನಾವೇ ಕರೆದು ನಡುಮನೆಯಲ್ಲಿ ಕೂರಿಸಿದರೆ ಬಾಗಿಲ ಚಿಲಕ ಏನು ಮಾಡೀತು?

ಈ ವಿಷಯದಲ್ಲಿ ನನ್ನ ಎದೆ ನೋಯುವುದು ವಯಸ್ಸಾದ ಗಿರಾಕಿಗಳನ್ನು ನೋಡಿದಾಗ. ಬ್ಯಾಂಕಿನಿಂದ ಅಂತ ಫೋನ್ ಬರುತ್ತದೆ, ಕೆವೈಸಿ ಮುಗಿದಿದೆ ಅನ್ನುತ್ತಾರೆ, ಎನಿಡೆಸ್ಕ್‌ನಂಥ ಒಂದು ರಿಮೋಟ್ ಆ್ಯಪ್ ಹಾಕಿಸಿ ಪರದೆ ಮೇಲೆ ಬಂದ ನಂಬರ್ ಕೇಳುತ್ತಾರೆ. ಆ್ಯಪ್ ಒಳ್ಳೆಯದೇ, ನಾನೂ ಕೆಲಸಕ್ಕೆ ಬಳಸುತ್ತೇನೆ, ಮೋಸಗಾರರು ಅದನ್ನು ಬಳಸಿಕೊಳ್ಳುತ್ತಾರೆ. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಈ ಬಗ್ಗೆ ಎಚ್ಚರಿಸಿತ್ತು. ಇಲ್ಲಿ ಸಂಪರ್ಕ ಶುರುವಾಗುವುದು ನಿಮ್ಮ ಕಂಪ್ಯೂಟರ್‌ನಿಂದ, ಹೊರಗಿನ ಸರ್ವರ್ ಕಡೆಗೆ. ಫೈರ್‌ವಾಲ್ ಕಣ್ಣಿಗೆ ಅದು ನೀವೇ ಬಯಸಿ ಮಾಡಿದ್ದು. ಅದು ಬಿಡಲೇಬೇಕು, ಬಿಡುತ್ತದೆ. ಹಾಗೇನಾದರೂ ಆದರೆ ಮೊದಲು ವೈಫೈ ಆಫ್ ಮಾಡಿ, ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ತಡ ಮಾಡಬೇಡಿ.

ಇನ್ನು ಸಿಸಿಟಿವಿ. ಮನೆಯಿಂದ ನೋಡಬೇಕು ಅಂತ ಡಿವಿಆರ್‌ಗೆ (ಕ್ಯಾಮೆರಾ ರೆಕಾರ್ಡ್ ಮಾಡುವ ಪೆಟ್ಟಿಗೆಗೆ) ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿರುತ್ತಾರೆ, ಅಂದರೆ ಹೊರಗಿನಿಂದ ನೇರ ದಾರಿ ಕೊಟ್ಟಿರುತ್ತಾರೆ. ಅದಕ್ಕೂ ಕಂಪ್ಯೂಟರ್ ಫೈರ್‌ವಾಲ್‌ಗೂ ಸಂಬಂಧವಿಲ್ಲ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದದ್ದು ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟಿದ್ದರಿಂದ. ಪಾಸ್‌ವರ್ಡ್ ಬದಲಾಯಿಸಿ. ಕಂಪ್ಯೂಟರ್‌ನ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ 3389ನ್ನು ಮಾತ್ರ ರೂಟರ್‌ನಲ್ಲಿ ಹೊರಗೆ ತೆರೆಯಲೇಬೇಡಿ.

ಅದು ಮಾಡಬಾರದ್ದು

ಹೊರಗೆ ಹೋಗುವ ಪ್ರತಿಯೊಂದಕ್ಕೂ ಅನುಮತಿ ಕೇಳುವ ಫೈರ್‌ವಾಲ್‌ಗಳು ಒಂದು ಕಾಲದಲ್ಲಿ ಬಹಳ ಜನಪ್ರಿಯವಾಗಿದ್ದವು. ಎಸ್‌ವಿಸಿಹೋಸ್ಟ್ (ವಿಂಡೋಸ್‌ನದೇ ಒಂದು ಒಳ ಪ್ರೋಗ್ರಾಂ) ಇಂಟರ್‌ನೆಟ್‌ಗೆ ಹೋಗಬೇಕಂತೆ, ಬಿಡಲೇ? ಈ ಪ್ರಶ್ನೆಗೆ ಬಟ್ಟೆ ಅಂಗಡಿಯ ಗುಮಾಸ್ತ ಏನು ಉತ್ತರ ಕೊಡಬೇಕು? ಒಂದು ವಾರ 'ನೋ' ಒತ್ತುತ್ತಾನೆ, ಕೆಲಸ ಕೆಡುತ್ತದೆ, ಆಮೇಲೆ ಎಲ್ಲಕ್ಕೂ 'ಯೆಸ್'. ನಿಜವಾಗಿ ಓದಬೇಕಾದ ಪ್ರಶ್ನೆ ಬಂದ ದಿನವೂ 'ಯೆಸ್'. ಅಲ್ಲದೆ ಒಳಗೆ ಸೇರಿದ ವೈರಸ್ ನಿಮ್ಮ ಬ್ರೌಸರನ್ನೇ ಬಳಸಿ ಹೊರಗೆ ಹೋಗಬಹುದು, ಅಡ್ಮಿನ್ ಹಕ್ಕು ಸಿಕ್ಕಿದ್ದರೆ ರೂಲನ್ನೇ ಅಳಿಸಬಹುದು. ಔಟ್‌ಬೌಂಡ್ ರೂಲ್ ಪೂರ್ತಿ ದಂಡ ಅಂತಲ್ಲ. ಒಂದು ಸಾಮಾನ್ಯ ಪ್ರೋಗ್ರಾಂ ಇಂಟರ್‌ನೆಟ್‌ಗೆ ಹೋಗದಂತೆ ಮಾಡಲು ಬಳಸಬಹುದು. ವೈರಸ್‌ಗೆ ಕಡಿವಾಣ ಅಂತ ಅದನ್ನು ನಂಬಬೇಡಿ.

ಫೈರ್‌ವಾಲ್ ಅತಿ ಬುದ್ಧಿವಂತ ಆಗುವುದೂ ಅಪಾಯ. 2004ರ ಮಾರ್ಚ್‌ನಲ್ಲಿ ವಿಟ್ಟಿ ಅನ್ನುವ ವರ್ಮ್ ಸುಮಾರು 12,000 ಕಂಪ್ಯೂಟರ್‌ಗಳಿಗೆ ಹೊಕ್ಕು ಹಾರ್ಡ್ ಡಿಸ್ಕ್ ಮೇಲೆ ಕಸ ಬರೆದು ಹಾಳು ಮಾಡಿತು. ಅದು ನುಗ್ಗಿದ್ದು ಬ್ಲ್ಯಾಕ್‌ಐಸ್‌ನಂಥ ಫೈರ್‌ವಾಲ್‌ಗಳ ಮೂಲಕವೇ. ಬರುವ ಪ್ಯಾಕೆಟ್‌ನೊಳಗೆ ಐಸಿಕ್ಯೂ ಚಾಟ್ ಇದೆಯಾ ಅಂತ ಬಿಡಿಸಿ ನೋಡುವ ಭಾಗದಲ್ಲಿ ತಪ್ಪಿತ್ತು. ಫೈರ್‌ವಾಲ್ ಹಾಕಿಸಿಕೊಂಡವರಿಗೇ ಹಾನಿ, ಹಾಕಿಸದವರಿಗೆ ಇಲ್ಲ. ಹಾಗಾಗಿ ಬಾಕ್ಸ್ ಮೇಲೆ ನೂರು ಸೌಲಭ್ಯ ಬರೆದ ಫೈರ್‌ವಾಲ್‌ಗೆ ದುಡ್ಡು ಕೊಡಬೇಡಿ ಅಂತಲೇ ನಾನು ಹೇಳುವುದು. ವಿಂಡೋಸ್ ಜೊತೆ ಬಂದದ್ದು ಮನೆಗೂ ಅಂಗಡಿಗೂ ಸಾಕು.

ಪಿಂಗ್ (ಕಂಪ್ಯೂಟರ್ ಇದೆಯಾ ಅಂತ ಕೇಳುವ ಸಂದೇಶ) ಬಂದ್ ಮಾಡಿದರೆ ಸುರಕ್ಷಿತ ಅಂತ, ಪಿಂಗ್ ಬಳಸುವ ಐಸಿಎಂಪಿಯನ್ನೇ ಪೂರ್ತಿ ಬ್ಲಾಕ್ ಮಾಡುವ ಸಲಹೆಯನ್ನೂ ಕೇಳಬೇಡಿ. ಐಪಿವಿ6 ನಡೆಯುವುದೇ ಅದರ ಮೇಲೆ. ಕೆಲವು ಸೈಟ್ ಅರ್ಧ ತೆರೆದು ನಿಲ್ಲುವ ವಿಚಿತ್ರ ತೊಂದರೆಗೂ ಇದು ಕಾರಣವಾಗುತ್ತದೆ.

ಎಲ್ಲ ಗೋಜಲಾಗಿದ್ದರೆ

ನಾಲ್ಕಾರು ಜನ ಕೈಹಾಕಿ ರೂಲ್ ಪಟ್ಟಿ ಗೋಜಲಾಗಿದ್ದರೆ ಒಂದೊಂದೇ ಬಿಡಿಸುತ್ತಾ ಕೂರಬೇಡಿ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನ 'ಆ್ಯಕ್ಷನ್' ಮೆನುವಿನಲ್ಲಿ 'ಎಕ್ಸ್‌ಪೋರ್ಟ್ ಪಾಲಿಸಿ' ಕೊಟ್ಟು ಈಗಿರುವುದನ್ನು ಒಂದು ಫೈಲ್‌ಗೆ ಉಳಿಸಿ. ಆಮೇಲೆ ಫೈರ್‌ವಾಲ್ ಪುಟದ ಕೆಳಗಿನ 'ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್' ಒತ್ತಿ. ಪ್ರಿಂಟರ್, ಟ್ಯಾಲಿ ರೂಲ್‌ಗಳನ್ನು ಮೇಲೆ ಹೇಳಿದ ಹಾಗೆ ಹೊಸದಾಗಿ ಹಾಕಿ. ಅಂಗಡಿ ತೆರೆದು ವ್ಯಾಪಾರ ನಡೆಯುವಾಗ ಇದಕ್ಕೆ ಕೈಹಾಕಬೇಡಿ, ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮಾಡಿ. ಏನಾದರೂ ಎಡವಟ್ಟಾದರೆ ಉಳಿಸಿದ ಫೈಲನ್ನು ಅದೇ ಮೆನುವಿನಿಂದ ಇಂಪೋರ್ಟ್ ಮಾಡಬಹುದು.

ಮ್ಯಾಕ್‌ನಲ್ಲಿ ಫೈರ್‌ವಾಲ್ ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತದೆ. ಸಿಸ್ಟಂ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಕೆಳಗೆ ಫೈರ್‌ವಾಲ್ ಇದೆ, ಆನ್ ಮಾಡಿ. ಅದು ಪೋರ್ಟ್ ಬದಲು ಆ್ಯಪ್ ಲೆಕ್ಕದಲ್ಲಿ ಬಿಡುತ್ತದೆ ಅಥವಾ ತಡೆಯುತ್ತದೆ, ಅಷ್ಟೇ ವ್ಯತ್ಯಾಸ. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಅನ್ನೋದು ಇದ್ದೇ ಇರುತ್ತದೆ, ಆದರೆ ಅದೂ ಆಫ್. ಟರ್ಮಿನಲ್‌ನಲ್ಲಿ ಒಂದು ಕಮಾಂಡ್‌ನಿಂದ ಎನೇಬಲ್ ಮಾಡಿದರೆ ಒಳಬರುವುದಕ್ಕೆ ತಡೆ, ಹೊರಹೋಗುವುದಕ್ಕೆ ಬಿಡುಗಡೆ, ವಿಂಡೋಸ್‌ನ ಹಾಗೆಯೇ. ಆ ಉಬುಂಟು ಸಿಸ್ಟಂ ಬೇರೆಲ್ಲೋ ಇದ್ದು ನೀವು ಎಸ್‌ಎಸ್‌ಎಚ್, ಅಂದರೆ ದೂರದಿಂದಲೇ ಟರ್ಮಿನಲ್ ಬಳಸುವ ದಾರಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರೆ, ಮೊದಲು ಎಸ್‌ಎಸ್‌ಎಚ್‌ಗೆ ಅಲೋ ಕೊಟ್ಟು ಆಮೇಲೆ ಎನೇಬಲ್ ಮಾಡಿ. ಇಲ್ಲದಿದ್ದರೆ ಮುಂದಿನ ಸಲ ಲಾಗಿನ್ ಆಗಲು ಆ ಸಿಸ್ಟಂ ಇರುವ ಊರಿಗೇ ಹೋಗಬೇಕಾಗುತ್ತದೆ.